ಜೀನ್, ಹಾರ್ಮೋನು, ಸ್ನಾಯು: ಓಟದ ಅಂಗಳದ ಲೆಕ್ಕ ಎಲ್ಲಿ ತಪ್ಪುತ್ತಿದೆ?

2025ರ ಜುಲೈ 10ರಂದು ಸ್ಟ್ರಾಸ್‌ಬರ್ಗ್‌ನಲ್ಲಿರುವ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ದಕ್ಷಿಣ ಆಫ್ರಿಕಾದ ಓಟಗಾರ್ತಿ ಕ್ಯಾಸ್ಟರ್ ಸೆಮೆನ್ಯಾ ಪರವಾಗಿ ತೀರ್ಪು ಕೊಟ್ಟಿತು. ಮೈಯಲ್ಲಿ ಸ್ವಾಭಾವಿಕವಾಗಿ ಹೆಚ್ಚಿರುವ ಟೆಸ್ಟೊಸ್ಟೆರಾನ್ ಎಂಬ ಪುರುಷ ಹಾರ್ಮೋನನ್ನು ಮದ್ದಿನಿಂದ ಇಳಿಸಿಕೊಂಡರಷ್ಟೇ ಮಹಿಳಾ ವಿಭಾಗದಲ್ಲಿ ಓಡಬಹುದು ಎಂಬ ನಿಯಮದ ವಿರುದ್ಧ ಅವರು ಹೋರಾಡುತ್ತಿದ್ದರು. ಸರಿಯಾಗಿ ಇಪ್ಪತ್ತು ದಿನಕ್ಕೆ, ಜುಲೈ 30ರಂದು, ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ಹೊಸ ನಿಯಮ ಹೊರಡಿಸಿತು. ಸೆಪ್ಟೆಂಬರ್ 1ರಿಂದ ವಿಶ್ವ ರ‍್ಯಾಂಕಿಂಗ್ ಸ್ಪರ್ಧೆಗಳ ಮಹಿಳಾ ವಿಭಾಗದಲ್ಲಿ ಇಳಿಯುವವರೆಲ್ಲ ಜೀವಮಾನದಲ್ಲಿ ಒಮ್ಮೆ ಭ್ರೂಣದಲ್ಲಿ ವೃಷಣ ಬೆಳೆಯಲು ಸನ್ನೆ ಕೊಡುವ ಎಸ್‌ಆರ್‌ವೈ ಎಂಬ ಜೀನ್‌ನ ಪರೀಕ್ಷೆ ಮಾಡಿಸಿಕೊಳ್ಳಬೇಕು. ಕೆನ್ನೆಯ ಒಳಭಾಗವನ್ನು ಹತ್ತಿಯ ಕಡ್ಡಿಯಿಂದ ಒರೆಸಿ ತೆಗೆದರೂ ಸರಿ, ರಕ್ತ ಕೊಟ್ಟರೂ ಸರಿ. ಆ ತಿಂಗಳು ಟೋಕಿಯೊದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ಗೆ ಹೊರಟ ಮಹಿಳೆಯರಿಗೆಲ್ಲ ಈ ನಿಯಮ ಅನ್ವಯಿಸಿತು.

ಸುದ್ದಿ ಓದಿದವರು ಗೊಂದಲಕ್ಕೆ ಬಿದ್ದದ್ದು ಸಹಜ. ಸೆಮೆನ್ಯಾ ಗೆದ್ದರು ಎನ್ನುತ್ತಾರೆ, ಆದರೆ ಅವರು 800 ಮೀಟರ್ ಓಡುವಂತಿಲ್ಲ. ಹದಿನಾಲ್ಕು ವರ್ಷ ರಕ್ತದಲ್ಲಿ ಟೆಸ್ಟೊಸ್ಟೆರಾನ್ ಎಷ್ಟಿದೆ ಎಂದು ಅಳೆಯುತ್ತಿದ್ದ ಸಂಸ್ಥೆ ಈಗ ಜೀನ್ ಹುಡುಕುತ್ತಿದೆ. ಹಾಗಾದರೆ ಹಾರ್ಮೋನಿನ ವಾದ ಸುಳ್ಳಾಗಿತ್ತೇ?

ಸುಳ್ಳಾಗಿರಲಿಲ್ಲ. ಪುರುಷ ಹಾರ್ಮೋನು ಸ್ನಾಯುವನ್ನು ಬದಲಿಸುತ್ತದೆ ಎನ್ನುವುದರಲ್ಲಿ ವಿಜ್ಞಾನಿಗಳಿಗೆ ಅನುಮಾನವಿಲ್ಲ. ತೊಡಕಿರುವುದು ಅಳತೆಯಲ್ಲಿ. ಜೀನ್ ವೃಷಣವನ್ನು ರೂಪಿಸುತ್ತದೆ, ವೃಷಣ ಹಾರ್ಮೋನು ಸುರಿಸುತ್ತದೆ, ಸ್ನಾಯು ಅದನ್ನು ಗ್ರಹಿಸುತ್ತದೆ, ವರ್ಷಗಟ್ಟಲೆ ಗ್ರಹಿಸಿ ಬೆಳೆಯುತ್ತದೆ. ಓಟದ ಫಲಿತಾಂಶವನ್ನು ನಿರ್ಧರಿಸುವುದು ಈ ಸರಪಳಿಯ ಕೊನೆಯ ಕೊಂಡಿ. ನಿಯಮ ಬರೆಯುವವರು ಹಿಡಿದುಕೊಳ್ಳುವುದು ಮಾತ್ರ ಅಳೆಯಲು ಸುಲಭವಾದ ಮೊದಲ ಕೊಂಡಿಗಳನ್ನು.

ತೀರ್ಪು ಹೇಳಿದ್ದು, ಹೇಳದೆ ಬಿಟ್ಟದ್ದು

ಸ್ಟ್ರಾಸ್‌ಬರ್ಗ್ ನ್ಯಾಯಾಲಯದಲ್ಲಿ ಸೆಮೆನ್ಯಾ ಎದುರಾಳಿ ಅಥ್ಲೆಟಿಕ್ಸ್ ಸಂಸ್ಥೆಯಾಗಿರಲಿಲ್ಲ, ಸ್ವಿಟ್ಜರ್ಲೆಂಡ್ ದೇಶವಾಗಿತ್ತು. ಕ್ರೀಡಾ ಮಧ್ಯಸ್ಥಿಕೆ ನ್ಯಾಯಾಲಯ ಇರುವುದು ಆ ದೇಶದ ಲೊಸಾನ್‌ನಲ್ಲಿ. ಅದು 2019ರ ಮೇ 1ರಂದು ಎರಡು–ಒಂದರ ಬಹುಮತದಲ್ಲಿ, ‘ಹಾರ್ಮೋನು ಇಳಿಸಬೇಕೆಂಬ ಈ ನಿಯಮ ತಾರತಮ್ಯದ್ದೇ, ಆದರೆ ಮಹಿಳಾ ವಿಭಾಗವನ್ನು ಕಾಪಾಡಲು ಅಗತ್ಯ’ ಎಂಬ ಅರ್ಥದ ತೀರ್ಪು ಕೊಟ್ಟಿತ್ತು. ಸ್ವಿಸ್ ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ಅದನ್ನೇ ಎತ್ತಿಹಿಡಿಯಿತು. ಹಾಗೆ ಎತ್ತಿಹಿಡಿಯುವಾಗ ಸ್ವಿಸ್ ನ್ಯಾಯಾಧೀಶರು ವಿಷಯದ ಆಳಕ್ಕೆ ಇಳಿದು ಪರಿಶೀಲಿಸಲಿಲ್ಲ, ಆದ್ದರಿಂದ ನ್ಯಾಯಯುತ ವಿಚಾರಣೆಯ ಹಕ್ಕಿಗೆ ಧಕ್ಕೆಯಾಗಿದೆ ಎಂಬುದು ಸ್ಟ್ರಾಸ್‌ಬರ್ಗ್‌ನ 17 ನ್ಯಾಯಮೂರ್ತಿಗಳ ಪೈಕಿ 15 ಜನರ ಅಭಿಪ್ರಾಯ.

ನಿಯಮ ಸರಿಯೋ ತಪ್ಪೋ ಎಂಬ ಪ್ರಶ್ನೆಗೆ ಅವರು ಕೈ ಹಾಕಲೇ ಇಲ್ಲ. ತಾರತಮ್ಯದ ದೂರು ತಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದು ಬದಿಗಿಟ್ಟರು. ಗೆದ್ದವರು ಓಡಲಾಗದಿರುವುದಕ್ಕೆ ಕಾರಣ ಇಷ್ಟೆ. ಇದು ಕಾನೂನಿನ ಗೊಂದಲ, ಬಿಡಿಸಿದರೆ ಬಿಡಿಸಿಕೊಳ್ಳುತ್ತದೆ. ಸ್ನಾಯುವಿನ ಗೊಂದಲ ಹಾಗಲ್ಲ.

ತೊಡೆಯೊಳಗೆ ಏನಾಗುತ್ತದೆ

ಟೆಸ್ಟೊಸ್ಟೆರಾನ್ ಗಂಡಸರ ಸೊತ್ತೇನಲ್ಲ. ಹೆಂಗಸರಲ್ಲಿ ಅಂಡಾಶಯ ಮತ್ತು ಮೂತ್ರಪಿಂಡದ ತಲೆಯ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗಳ ಮೂಲಕವೂ ಅದು ಬರುತ್ತದೆ. ವ್ಯತ್ಯಾಸ ಪ್ರಮಾಣದ್ದು. ಆರೋಗ್ಯವಂತ ಹೆಂಗಸಿನ ಒಂದು ಲೀಟರ್ ರಕ್ತದಲ್ಲಿ ಅದರ ಮಟ್ಟ ಸಾಮಾನ್ಯವಾಗಿ 2 ನ್ಯಾನೊಮೋಲ್ (ಅತಿ ಸಣ್ಣ ಪ್ರಮಾಣ ಅಳೆಯುವ ಮಾನ) ದಾಟುವುದಿಲ್ಲ. ಗಂಡಸಿನಲ್ಲಿ ಸುಮಾರು 8ರಿಂದ 29. ನಡುವೆ ಬಯಲು. ಎತ್ತರದ ಲೆಕ್ಕದಲ್ಲಾದರೆ ಗಿಡ್ಡ ಗಂಡಸಿಗಿಂತ ಉದ್ದದ ಹೆಂಗಸರು ಬೇಕಾದಷ್ಟು ಸಿಗುತ್ತಾರೆ, ಈ ಲೆಕ್ಕದಲ್ಲಿ ಸಾಮಾನ್ಯವಾಗಿ ಎರಡು ಗುಂಪುಗಳು ಒಂದನ್ನೊಂದು ಮುಟ್ಟುವುದೇ ಇಲ್ಲ.

ರಕ್ತದಲ್ಲಿ ಹರಿದಾಡುವ ಹಾರ್ಮೋನು ಊರಲ್ಲಿ ಡಂಗುರ ಸಾರಿಕೊಂಡು ಹೋಗುವವನಂತೆ. ಬೀದಿಬೀದಿ ಸುತ್ತುತ್ತದೆ, ಆದರೆ ಕಿವಿ ಇದ್ದವರಿಗಷ್ಟೇ ಕೇಳುತ್ತದೆ. ಜೀವಕೋಶದ ಆ ಕಿವಿಗೆ ಆಂಡ್ರೊಜನ್ ರಿಸೆಪ್ಟರ್ ಎಂದು ಹೆಸರು. ಹಾರ್ಮೋನಿನ ಅಣು ಸ್ನಾಯುಕೋಶದೊಳಗೆ ನುಸುಳಿ ಈ ರಿಸೆಪ್ಟರ್‌ಗೆ ಅಂಟಿಕೊಳ್ಳುತ್ತದೆ. ಆ ಜೋಡಿ ಕೋಶಕೇಂದ್ರದೊಳಕ್ಕೆ ಹೋಗಿ ಡಿಎನ್‌ಎ ಮೇಲೆ ಕೂರುತ್ತದೆ. ಅಲ್ಲಿಂದ ಪ್ರೋಟೀನು ತಯಾರಿಸುವ ಆದೇಶಗಳು ಹೊರಡುತ್ತವೆ. ಸವೆತಕ್ಕಿಂತ ಕಟ್ಟುವಿಕೆ ಹೆಚ್ಚಾಗಿ ಸ್ನಾಯುವಿನ ಎಳೆ ದಪ್ಪವಾಗುತ್ತದೆ.

ಇನ್ನೊಂದು ಕೆಲಸವೂ ನಡೆಯುತ್ತದೆ, ಅದು ಮುಂದೆ ಮುಖ್ಯವಾಗುತ್ತದೆ. ಸ್ನಾಯುವಿನ ಎಳೆ ಒಂದೇ ಕೋಶಕೇಂದ್ರದ ಸಣ್ಣ ಕೋಶವಲ್ಲ. ಉದ್ದನೆಯ ಒಂದು ಎಳೆಯಲ್ಲಿ ನೂರಾರು, ಸಾವಿರಾರು ಕೇಂದ್ರಗಳಿರುತ್ತವೆ, ಪ್ರತಿ ಕೇಂದ್ರವೂ ತನ್ನ ಸುತ್ತಲಿನ ಒಂದು ತುಂಡನ್ನು ನೋಡಿಕೊಳ್ಳುತ್ತದೆ. ಎಳೆಯ ಪಕ್ಕದಲ್ಲಿ ಉಪಗ್ರಹ ಕೋಶಗಳು ಎಂಬ ಮೀಸಲು ಪಡೆ ಮಲಗಿರುತ್ತದೆ. ಟೆಸ್ಟೊಸ್ಟೆರಾನ್ ಅವುಗಳನ್ನು ಎಬ್ಬಿಸಿ ಎಳೆಯೊಳಗೆ ಸೇರಿಸುತ್ತದೆ. ಕೇಂದ್ರಗಳ ಸಂಖ್ಯೆ ಏರುತ್ತದೆ. ಹೊಲ ದೊಡ್ಡದಾದಾಗ ಆಳುಗಳನ್ನೂ ಹೆಚ್ಚಿಸಿಕೊಂಡಂತೆ. ಜೊತೆಗೆ ಕೆಂಪು ರಕ್ತಕಣಗಳ ಉತ್ಪಾದನೆಯೂ ಏರಿ ಗಂಡಸರಲ್ಲಿ ಹಿಮೋಗ್ಲೋಬಿನ್ ಸುಮಾರು ಶೇ 12ರಷ್ಟು ಹೆಚ್ಚಿರುತ್ತದೆ, ಅಂದರೆ ಆ ಸ್ನಾಯುವಿಗೆ ತಲುಪುವ ಆಮ್ಲಜನಕವೂ ಹೆಚ್ಚು.

ಹನ್ನೆರಡನೆಯ ವಯಸ್ಸಿನವರೆಗೆ ಹುಡುಗ ಹುಡುಗಿಯರ ಓಟದ ವೇಗದಲ್ಲಿ ದೊಡ್ಡ ಅಂತರವಿಲ್ಲ. ಹರೆಯ ಬಂದು ಹುಡುಗರಲ್ಲಿ ಹಾರ್ಮೋನು ಉಕ್ಕತೊಡಗಿದ ಮೇಲೆ ದಾರಿ ಕವಲೊಡೆಯುತ್ತದೆ. 100 ಮೀಟರ್‌ನ ವಿಶ್ವದಾಖಲೆ ಗಂಡಸರಲ್ಲಿ 9.58 ಸೆಕೆಂಡು, ಹೆಂಗಸರಲ್ಲಿ 10.49. ಓಟಗಳಲ್ಲಿ ಈ ಅಂತರ ಸಾಮಾನ್ಯವಾಗಿ ಶೇ 10ರ ಆಸುಪಾಸು, ಜಿಗಿತದಲ್ಲಿ ಇನ್ನೂ ಹೆಚ್ಚು, ಭಾರ ಎತ್ತುವುದರಲ್ಲಿ ಅದಕ್ಕೂ ಹೆಚ್ಚು.

ಹೋರಿಯ ಹಿಣಿಲು

ಎಲ್ಲ ಸ್ನಾಯುಗಳ ಕಿವಿಯೂ ಒಂದೇ ಸಮ ಚುರುಕಲ್ಲ. ಇದನ್ನು ನಮ್ಮ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ಬೀಜ ಒಡೆಸಿದ ಎತ್ತನ್ನೂ ಒಡೆಸದ ಹೋರಿಯನ್ನೂ ಪಕ್ಕಪಕ್ಕ ಕಟ್ಟಿ ನೋಡಿ. ಹಿಂಗಾಲಿನ ತೊಡೆಯಲ್ಲಿ ವ್ಯತ್ಯಾಸ ಅಷ್ಟಾಗಿ ಕಣ್ಣಿಗೆ ಹೊಡೆಯುವುದಿಲ್ಲ. ಕುತ್ತಿಗೆ ಮತ್ತು ಹಿಣಿಲು ನೋಡಿದ ಕೂಡಲೇ ಯಾವುದು ಯಾವುದೆಂದು ತಿಳಿಯುತ್ತದೆ. ಒಂದೇ ತಳಿ, ಒಂದೇ ಹುಲ್ಲು. ಎಳೆ ವಯಸ್ಸಿನಲ್ಲಿ ವೃಷಣದ ಹಾರ್ಮೋನು ನಿಂತದ್ದಷ್ಟೇ ವ್ಯತ್ಯಾಸ.

ಮನುಷ್ಯರಲ್ಲೂ ಹೆಚ್ಚುಕಡಿಮೆ ಹೀಗೆಯೇ. ಹೆಗಲು ಮತ್ತು ಕುತ್ತಿಗೆಯ ನಡುವಿನ ಸ್ನಾಯುವಿನಲ್ಲಿ ಆಂಡ್ರೊಜನ್ ರಿಸೆಪ್ಟರ್ ಇರುವ ಕೇಂದ್ರಗಳು ತೊಡೆಯ ಸ್ನಾಯುವಿಗಿಂತ ಹೆಚ್ಚು. ಗಂಡು ಹೆಣ್ಣಿನ ಸ್ನಾಯುರಾಶಿಯ ಅಂತರ ಸೊಂಟದ ಕೆಳಗೆ ಸುಮಾರು ಶೇ 33, ಮೇಲೆ ಸುಮಾರು ಶೇ 40. ಮುಷ್ಟಿ ಬೀಸುವ ಚಲನೆಯ ಬಲವನ್ನು ಅಳೆದ ಒಂದು ಸಣ್ಣ ಅಧ್ಯಯನ 2020ರಲ್ಲಿ ಬಂತು. ಅದರಲ್ಲಿ ಗಂಡಸರ ಸರಾಸರಿ ಹೆಂಗಸರದ್ದಕ್ಕಿಂತ ಶೇ 162ರಷ್ಟು ಹೆಚ್ಚಿತ್ತು. ಓಟಕ್ಕಿಂತ ಬಾಕ್ಸಿಂಗ್‌ನಲ್ಲಿ ಈ ಜಗಳ ಹೆಚ್ಚು ಕಾವೇರುವುದಕ್ಕೆ ಕಾರಣ ಇಲ್ಲಿದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಇಟಲಿಯ ಏಂಜೆಲಾ ಕರೀನಿ 46 ಸೆಕೆಂಡಿಗೆ ಕೈಚೆಲ್ಲಿದಾಗ ಎದುರಾಳಿ, ಅಲ್ಜೀರಿಯಾದ ಇಮಾನ್ ಖಲೀಫ್ ಹೆಣ್ಣು ಹೌದೋ ಅಲ್ಲವೋ ಎಂದು ಜಗತ್ತೆಲ್ಲ ತೀರ್ಪು ಬರೆಯಿತು. ಹೆಚ್ಚಿನವರು ಬರೆದದ್ದು ಒಂದು ವಿಡಿಯೊ ತುಣುಕು ನೋಡಿ. ಮರುವರ್ಷ ವಿಶ್ವ ಬಾಕ್ಸಿಂಗ್ ಸಂಸ್ಥೆಯೂ ಜೀನ್ ಪರೀಕ್ಷೆ ಕಡ್ಡಾಯ ಮಾಡಿತು.

ಎಷ್ಟು ಹಾಕಿದರೆ ಎಷ್ಟು

ಗಂಡಸರು ಎತ್ತರವೂ ಹೌದು, ತರಬೇತಿಯ ಅವಕಾಶವೂ ಅವರಿಗೇ ಹೆಚ್ಚು. ಅಂತರಕ್ಕೆ ಹಾರ್ಮೋನೇ ಕಾರಣ ಎಂದು ಹೇಗೆ ಹೇಳುವುದು? ನ್ಯಾಯವಾದ ಪ್ರಶ್ನೆ. ಉತ್ತರ ಬಂದದ್ದು ಪ್ರಯೋಗಗಳಿಂದ.

ಭಾರತೀಯ ಮೂಲದ ವೈದ್ಯ ಶಲೇಂದರ್ ಭಾಸಿನ್ ಮತ್ತು ಸಂಗಡಿಗರು ಅಮೆರಿಕದಲ್ಲಿ 43 ಆರೋಗ್ಯವಂತ ಗಂಡಸರನ್ನು ನಾಲ್ಕು ಗುಂಪು ಮಾಡಿದರು. ಫಲಿತಾಂಶ ಪ್ರಕಟವಾದದ್ದು 1996ರಲ್ಲಿ. ಕೆಲವರಿಗೆ ವಾರಕ್ಕೆ 600 ಮಿಲಿಗ್ರಾಂ ಟೆಸ್ಟೊಸ್ಟೆರಾನ್ ಚುಚ್ಚುಮದ್ದು, ಉಳಿದವರಿಗೆ ಏನೂ ಇಲ್ಲದ ಹುಸಿ ಚುಚ್ಚುಮದ್ದು. ಎರಡರಲ್ಲೂ ಅರ್ಧ ಜನಕ್ಕೆ ವ್ಯಾಯಾಮ, ಅರ್ಧ ಜನಕ್ಕೆ ಇಲ್ಲ. 600 ಅಂದರೆ ಹಾರ್ಮೋನು ಕೊರತೆಯವರಿಗೆ ವೈದ್ಯರು ಕೊಡುವುದರ ಸುಮಾರು ಆರು ಪಟ್ಟು. ಹತ್ತು ವಾರಗಳ ನಂತರ ನೋಡಿದರೆ, ವ್ಯಾಯಾಮ ಮಾತ್ರ ಮಾಡಿದವರಲ್ಲಿ ಕೊಬ್ಬು ಬಿಟ್ಟು ಉಳಿದ ದೇಹತೂಕ ಸುಮಾರು 2 ಕಿಲೊ ಏರಿತ್ತು. ಸುಮ್ಮನೆ ಕೂತು ಚುಚ್ಚಿಸಿಕೊಂಡವರಲ್ಲಿ 3.2 ಕಿಲೊ. ಎರಡನ್ನೂ ಮಾಡಿದವರಲ್ಲಿ 6.1 ಕಿಲೊ. ಬೆವರು ಸುರಿಸಿದವನಿಗಿಂತ ಸೋಫಾದ ಮೇಲೆ ಕೂತವನು ಹೆಚ್ಚು ಗಳಿಸಿದ್ದ ಎಂಬುದು ಆ ಕಾಲದ ಸಂಶಯಗಳಿಗೆಲ್ಲ ತೆರೆ ಎಳೆಯಿತು.

ಐದು ವರ್ಷದ ನಂತರ ಅದೇ ತಂಡ 61 ಯುವಕರ ಸ್ವಂತ ಹಾರ್ಮೋನನ್ನು ಔಷಧಿಯಿಂದ ನಿಲ್ಲಿಸಿ, ಹೊರಗಿನಿಂದ ವಾರಕ್ಕೆ 25ರಿಂದ 600 ಮಿಲಿಗ್ರಾಂವರೆಗೆ ಐದು ಬೇರೆ ಬೇರೆ ಪ್ರಮಾಣ ಕೊಟ್ಟು ನೋಡಿತು. 125 ಕೊಟ್ಟವರು 3.4 ಕಿಲೊ, 300 ಕೊಟ್ಟವರು 5.2, 600 ಕೊಟ್ಟವರು 7.9 ಕಿಲೊ ಏರಿದರು. ಮೆಟ್ಟಿಲು ಹತ್ತಿದಂತೆ.

ಹೆಂಗಸರಲ್ಲಿ? ಸ್ವೀಡನ್ನಿನಲ್ಲಿ 48 ಯುವತಿಯರ ಮೇಲೆ ಇಂಥದೇ ಪ್ರಯೋಗ ನಡೆದು 2020ರಲ್ಲಿ ಫಲಿತಾಂಶ ಬಂತು. ಅರ್ಧ ಜನರಿಗೆ ದಿನಕ್ಕೆ 10 ಮಿಲಿಗ್ರಾಂ ಟೆಸ್ಟೊಸ್ಟೆರಾನ್ ಇರುವ ಮುಲಾಮು. ಹತ್ತು ವಾರದಲ್ಲಿ ಅವರ ರಕ್ತದ ಮಟ್ಟ 0.9ರಿಂದ 4.3 ನ್ಯಾನೊಮೋಲ್‌ಗೆ ಏರಿತು, ಸುಸ್ತಾಗುವವರೆಗೆ ಓಡುವ ಅವಧಿ ಶೇ 8.5ರಷ್ಟು ಉದ್ದವಾಯಿತು, ಸ್ನಾಯು ತುಂಬಿದ ತೂಕ 900 ಗ್ರಾಂ ದಾಟಿ ಏರಿತು. ಗಂಡಸಿನ ಮಟ್ಟಕ್ಕೆ ಹೋಗುವ ಮೊದಲೇ ಫಲ ಕಾಣಿಸಿತ್ತು.

ಗಾತ್ರ ಒಂದು, ಕೆಲಸ ಇನ್ನೊಂದು

ಇಲ್ಲಿಗೆ ನಿಲ್ಲಿಸಿದರೆ ಕತೆ ಅಚ್ಚುಕಟ್ಟು. ಆದರೆ ದೇಹ ಅಷ್ಟು ಸಲೀಸಲ್ಲ.

ಭಾಸಿನ್ ತಂಡದ ಆ ಯುವಕರ ಕಾಲುಗಳನ್ನು ಇನ್ನಷ್ಟು ಕೂಲಂಕಷವಾಗಿ ಅಳೆದಾಗ ಕಂಡದ್ದು ಹೀಗೆ: ಗರಿಷ್ಠ ಬಲ ಹೆಚ್ಚಿತು, ಕಾಲಿನ ಚುರುಕು ಒದೆತದ ಶಕ್ತಿ ಹೆಚ್ಚಿತು. ಆದರೆ ಅದೇ ದಪ್ಪದ ಸ್ನಾಯು ಮೊದಲಿಗಿಂತ ಹೆಚ್ಚು ಬಲ ಹಾಕಲಿಲ್ಲ. ದಣಿಯುವ ವೇಗವೂ ಬದಲಾಗಲಿಲ್ಲ. ಅಂದರೆ ಹಾರ್ಮೋನು ಹಗ್ಗಕ್ಕೆ ಎಳೆಗಳನ್ನು ಸೇರಿಸುತ್ತದೆ, ಎಳೆಯನ್ನೇ ಉಕ್ಕು ಮಾಡುವುದಿಲ್ಲ. ಒಂದೇ ಪ್ರಮಾಣದ ಶ್ರಮದಲ್ಲಿ ಹೆಂಗಸರ ಸ್ನಾಯು ಗಂಡಸರದ್ದಕ್ಕಿಂತ ನಿಧಾನ ದಣಿಯುತ್ತದೆ ಎಂದು ತೋರಿಸಿದ ಅಧ್ಯಯನಗಳೂ ಸಾಕಷ್ಟಿವೆ. ತರಬೇತಿ ಕೊಟ್ಟಾಗ ಇದ್ದ ಗಾತ್ರದ ಮೇಲೆ ಶೇಕಡಾವಾರು ಬೆಳವಣಿಗೆ ಇಬ್ಬರಲ್ಲೂ ಹತ್ತಿರಹತ್ತಿರ ಒಂದೇ, ಶುರುವಾಗುವ ಜಾಗ ಬೇರೆ.

ವಯಸ್ಸಾದವರ ವಿಷಯ ಇನ್ನೂ ಪಾಠ ಕಲಿಸುವಂಥದು. ಅಮೆರಿಕದಲ್ಲಿ 65 ದಾಟಿದ, ಹಾರ್ಮೋನು ಕಡಿಮೆಯಿದ್ದ 790 ಗಂಡಸರಲ್ಲಿ ಕೆಲವರಿಗೆ ಒಂದು ವರ್ಷ ಟೆಸ್ಟೊಸ್ಟೆರಾನ್ ಜೆಲ್ ಹಚ್ಚಿಸಿದರು. ನಡೆದಾಡಲು ಕಷ್ಟಪಡುತ್ತಿದ್ದವರ ಗುಂಪಿನಲ್ಲಿ ಆರು ನಿಮಿಷದ ನಡಿಗೆಯ ದೂರ ಹೇಳಿಕೊಳ್ಳುವಷ್ಟು ಹೆಚ್ಚಲಿಲ್ಲ. ಸ್ನಾಯು ತುಂಬಿಕೊಂಡ ಮಾತ್ರಕ್ಕೆ ಮಂಡಿ ಹಗುರಾಗಿ ಮೆಟ್ಟಿಲು ಹತ್ತುವುದಿಲ್ಲ. ನರದ ಸಂಕೇತ, ಕೀಲು, ಸಮತೋಲ, ಅಭ್ಯಾಸ ಎಲ್ಲ ಕೂಡಿಬರಬೇಕು.

ಹತ್ತು, ಐದು, ಎರಡೂವರೆ

ಈ ಹಿನ್ನೆಲೆ ಇಟ್ಟುಕೊಂಡು ನಿಯಮಗಳ ಇತಿಹಾಸ ನೋಡಿದರೆ ಎಡವಿದ್ದು ಎಲ್ಲೆಂದು ಕಾಣುತ್ತದೆ.

2009ರಲ್ಲಿ ಬರ್ಲಿನ್‌ನಲ್ಲಿ 18ರ ಹರೆಯದ ಸೆಮೆನ್ಯಾ 800 ಮೀಟರನ್ನು 1 ನಿಮಿಷ 55.45 ಸೆಕೆಂಡಿನಲ್ಲಿ ಮುಗಿಸಿದರು. ಗಲಾಟೆ ಎದ್ದಿತು. 2011ರಲ್ಲಿ ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಸಂಸ್ಥೆ (ಇಂದಿನ ವಿಶ್ವ ಅಥ್ಲೆಟಿಕ್ಸ್) 10 ನ್ಯಾನೊಮೋಲ್ ಎಂಬ ಗೆರೆ ಎಳೆಯಿತು. ಆ ಗೆರೆಗೆ ಸಿಕ್ಕಿಬಿದ್ದವರು ಒಡಿಶಾದ ಓಟಗಾರ್ತಿ ದ್ಯುತಿ ಚಂದ್. 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕೂಟದ ಹೊಸ್ತಿಲಲ್ಲಿ ಅವರನ್ನು ತಂಡದಿಂದ ಕೈಬಿಟ್ಟರು. ಅವರು ಮದ್ದು ತೆಗೆದುಕೊಂಡು ಹಾರ್ಮೋನು ಇಳಿಸುವ ಬದಲು ಲೊಸಾನ್‌ಗೆ ಹೋದರು. 2015ರ ಜುಲೈನಲ್ಲಿ ಕ್ರೀಡಾ ನ್ಯಾಯಾಲಯ ನಿಯಮವನ್ನೇ ಅಮಾನತಿನಲ್ಲಿಟ್ಟಿತು. ಅದು ಕೇಳಿದ ಪ್ರಶ್ನೆ ಸರಳ: ಸ್ವಾಭಾವಿಕವಾಗಿ ಹಾರ್ಮೋನು ಹೆಚ್ಚಿರುವ ಮಹಿಳೆಗೆ ಗಂಡಸಿಗೆ ಸಿಗುವಷ್ಟೇ ಲಾಭ ಸಿಗುತ್ತದೆ ಎನ್ನಲು ಪುರಾವೆ ಎಲ್ಲಿ?

ಪುರಾವೆ ಹುಡುಕಿ ಸಂಸ್ಥೆಯ ನಂಟಿರುವವರೇ 2017ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹಾರ್ಮೋನು ಹೆಚ್ಚಿದ್ದ ಮಹಿಳೆಯರು ಕಡಿಮೆಯಿದ್ದವರಿಗಿಂತ 800 ಮೀಟರ್‌ನಲ್ಲಿ ಶೇ 1.78, 400 ಮೀಟರ್‌ನಲ್ಲಿ ಶೇ 2.73, ಹ್ಯಾಮರ್ ಎಸೆತದಲ್ಲಿ ಶೇ 4.53ರಷ್ಟು ಮುಂದಿದ್ದರು ಎಂದಿತು. ಮಾರನೆಯ ವರ್ಷ ಹೊರಬಂದ ನಿಯಮದಲ್ಲಿ ಮಿತಿ 5 ನ್ಯಾನೊಮೋಲ್, ಅನ್ವಯ 400 ಮೀಟರ್‌ನಿಂದ ಒಂದು ಮೈಲಿವರೆಗಿನ ಓಟಗಳಿಗೆ ಮಾತ್ರ. ಅತಿ ಹೆಚ್ಚು ಅಂತರ ತೋರಿಸಿದ್ದ ಹ್ಯಾಮರ್ ಎಸೆತ ಪಟ್ಟಿಯಲ್ಲಿರಲಿಲ್ಲ! ನಿಯಮ ಸೆಮೆನ್ಯಾ ಅಳತೆಗೆ ಹೊಲಿದ ಅಂಗಿಯಂತಿದೆ ಎಂದು ಟೀಕಾಕಾರರು ಹೇಳಿದ್ದು ಸುಮ್ಮನಲ್ಲ. 2021ರಲ್ಲಿ ಅದೇ ಲೇಖಕರು ತಿದ್ದುಪಡಿ ಹಾಕಿ, ತಮ್ಮ ಅಂಕಿಗಳು ಕಾರಣ–ಪರಿಣಾಮವನ್ನು ಸಾಬೀತು ಮಾಡುವುದಿಲ್ಲ ಎಂದು ಒಪ್ಪಿಕೊಂಡರು. ಆದರೂ 2023ರ ಮಾರ್ಚ್‌ನಲ್ಲಿ ಮಿತಿ 2.5ಕ್ಕೆ ಇಳಿಯಿತು, ಎಲ್ಲ ಸ್ಪರ್ಧೆಗಳಿಗೂ ಹಬ್ಬಿತು. ಸಂತೆಯ ಚೌಕಾಸಿಯಂತೆ ಹತ್ತು, ಐದು, ಎರಡೂವರೆ.

ಪಿಸಿಒಡಿ ಇರುವ ಹೆಣ್ಣುಮಕ್ಕಳಲ್ಲಿ ಟೆಸ್ಟೊಸ್ಟೆರಾನ್ ಕೊಂಚ ಹೆಚ್ಚಿರುವುದು ಉಂಟು. ಮನೆಮನೆಯಲ್ಲಿ ಕೇಳುವ ತೊಂದರೆ ಇದು, ಹಾಗಾಗಿ ಒಂದು ಮಾತು: ಈ ನಿಯಮಗಳು ಅವರ ಮೇಲೆ ಗುರಿಯಿಟ್ಟದ್ದಲ್ಲ. ಗುರಿ ಇದ್ದದ್ದು ಗಂಡಸರಲ್ಲಿರುವಂಥ ಎಕ್ಸ್‌ವೈ ವರ್ಣತಂತು, ಒಳಗೆ ವೃಷಣ ಇದ್ದೂ ಹುಟ್ಟಿನಿಂದ ಹೆಣ್ಣಾಗಿ ಬೆಳೆದ ಕೆಲವೇ ಕೆಲವರ ಮೇಲೆ. 2014ರಲ್ಲಿ ಪ್ರಕಟವಾದ ಒಂದು ಲೆಕ್ಕದ ಪ್ರಕಾರ ಉನ್ನತ ಮಟ್ಟದ ಮಹಿಳಾ ಅಥ್ಲೀಟ್‌ಗಳಲ್ಲಿ ಇಂಥವರು ಸಾವಿರಕ್ಕೆ ಸುಮಾರು ಏಳು. ಸಾಮಾನ್ಯ ಜನರಲ್ಲಿ ಇರುವುದಕ್ಕಿಂತ ಇದು ನೂರು ಪಟ್ಟಿಗೂ ಮೀರಿ ಹೆಚ್ಚು.

ಕಿವಿ ಕೇಳದ ಸ್ನಾಯು

ಈಗ ಜೀನ್‌ಗೆ ಬರೋಣ. ಎಸ್‌ಆರ್‌ವೈ ಪತ್ತೆಯಾದದ್ದು 1990ರಲ್ಲಿ. ವೈ ವರ್ಣತಂತುವಿನಲ್ಲಿರುವ ಈ ಸಣ್ಣ ತುಣುಕು ಭ್ರೂಣದಲ್ಲಿ ವೃಷಣ ಬೆಳೆಯಲು ಮೊದಲ ಸನ್ನೆ ಕೊಡುತ್ತದೆ. ಕೆಲಸ ಅಷ್ಟೇ. ವೃಷಣ ಹಾರ್ಮೋನು ಸುರಿಸಿತೇ, ಸ್ನಾಯು ಅದನ್ನು ಕೇಳಿಸಿಕೊಂಡಿತೇ ಎಂಬುದನ್ನು ಅದು ಹೇಳುವುದಿಲ್ಲ.

ಸ್ಪೇನಿನ ಹರ್ಡಲ್ಸ್ ಓಟಗಾರ್ತಿ ಮರಿಯಾ ಹೊಸೆ ಮಾರ್ಟಿನೆಜ್ ಪಟೀನೊ 1985ರಲ್ಲಿ ಜಪಾನಿನ ಕೋಬೆಯಲ್ಲಿ ವರ್ಣತಂತು ಪರೀಕ್ಷೆಯಲ್ಲಿ ಸೋತರು. ಅವರದ್ದು ಎಕ್ಸ್‌ವೈ. ಆದರೆ ಅವರ ದೇಹದ ಆಂಡ್ರೊಜನ್ ರಿಸೆಪ್ಟರ್ ಪೂರ್ತಿ ಕಿವುಡು. ಡಂಗುರ ಎಷ್ಟೇ ಜೋರಾಗಿ ಬಾರಿಸಿದರೂ ಒಂದು ಸ್ನಾಯುವಿನ ಎಳೆಗೂ ಅದು ತಲುಪಿರಲಿಲ್ಲ. ಪದಕ, ವಿದ್ಯಾರ್ಥಿವೇತನ ಎಲ್ಲ ಕಳೆದುಕೊಂಡ ಅವರು ಹೋರಾಡಿ 1988ರಲ್ಲಿ ಮರಳಿ ಅರ್ಹತೆ ಪಡೆದರು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ 3,387 ಮಹಿಳೆಯರ ಪರೀಕ್ಷೆ ಮಾಡಿ ಎಂಟು ಜನರಲ್ಲಿ ವೈ ಗುರುತು ಸಿಕ್ಕಿತು. ವಿಚಾರಣೆ ಬಳಿಕ ಎಂಟೂ ಜನರಿಗೆ ಸ್ಪರ್ಧಿಸಲು ಬಿಟ್ಟರು. ಮುಂದೆ 1999ರಲ್ಲಿ ಒಲಿಂಪಿಕ್ ಸಮಿತಿ ಸಾಮೂಹಿಕ ಪರೀಕ್ಷೆಯನ್ನೇ ನಿಲ್ಲಿಸಿತು. ಕಾಲು ಶತಮಾನ ಕಳೆದು ನಾವು ಈಗ ಅದೇ ಬಾಗಿಲಿಗೆ ಬಂದು ನಿಂತಿದ್ದೇವೆ.

ಇದಕ್ಕೆ ಉಲ್ಟಾ ಇನ್ನೊಂದು ಸ್ಥಿತಿಯಿದೆ. ಟೆಸ್ಟೊಸ್ಟೆರಾನನ್ನು ಇನ್ನೂ ತೀಕ್ಷ್ಣ ರೂಪಕ್ಕೆ ಬದಲಿಸುವ ಒಂದು ಕಿಣ್ವ ಕೆಲವರಲ್ಲಿ ಹುಟ್ಟಿನಿಂದ ಕೆಲಸ ಮಾಡುವುದಿಲ್ಲ. ಗರ್ಭದಲ್ಲಿ ಹೊರಗಿನ ಗಂಡು ಅಂಗಾಂಗ ರೂಪುಗೊಳ್ಳಲು ಆ ತೀಕ್ಷ್ಣ ರೂಪವೇ ಬೇಕು, ಆದ್ದರಿಂದ ಮಗು ಹೆಣ್ಣಿನಂತೆಯೇ ಹುಟ್ಟುತ್ತದೆ, ಹೆಣ್ಣಾಗಿ ಬೆಳೆಯುತ್ತದೆ. ಆದರೆ ಸ್ನಾಯುವಿಗೆ ಸಾದಾ ಟೆಸ್ಟೊಸ್ಟೆರಾನ್ ಸಾಕು. ಹರೆಯ ಬಂದಾಗ ಸ್ನಾಯು ಗಂಡಿನಂತೆ ತುಂಬಿಕೊಳ್ಳುತ್ತದೆ. ಸೆಮೆನ್ಯಾ ಪ್ರಕರಣದ 2019ರ ತೀರ್ಪಿನಲ್ಲಿ ಚರ್ಚೆಯಾದದ್ದು ಈ ಬಗೆಯ ಸ್ಥಿತಿ.

ಒಂದೇ ಎಸ್‌ಆರ್‌ವೈ ಜೀನ್, ಎರಡು ಬೇರೆಯೇ ಸ್ನಾಯು. ವಿಶ್ವ ಅಥ್ಲೆಟಿಕ್ಸ್ ಇದನ್ನು ಅರಿಯದೆ ಇಲ್ಲ. ರಿಸೆಪ್ಟರ್ ಪೂರ್ತಿ ಕಿವುಡಾಗಿರುವವರಿಗೆ ಹೊಸ ನಿಯಮದಲ್ಲಿ ವಿನಾಯಿತಿ ಇದೆ. ಆದರೆ ಪೂರ್ತಿ ಕಿವುಡು ಮತ್ತು ಪೂರ್ತಿ ಚುರುಕು, ಇವೆರಡರ ನಡುವೆ ಅರೆಗಿವಿಯವರೂ ಇದ್ದಾರೆ.

ಇಳಿಸಿದರೆ ಇಳಿಯುತ್ತದೆಯೇ

ಮಾತ್ರೆ ಕೊಟ್ಟು ಹಾರ್ಮೋನು ಇಳಿಸಿ ಓಡಿಸಬಹುದಲ್ಲ ಎಂಬ ಹಳೆಯ ದಾರಿಯನ್ನು ಸಂಸ್ಥೆ ಕೈಬಿಟ್ಟದ್ದಕ್ಕೆ ಕೊಡುವ ಕಾರಣ ಸ್ನಾಯುವಿನ ನೆನಪು. ಹಿಮೋಗ್ಲೋಬಿನ್ ಮೂರು ನಾಲ್ಕು ತಿಂಗಳಲ್ಲಿ ಇಳಿದುಬಿಡುತ್ತದೆ. ಸ್ನಾಯುರಾಶಿ ಒಂದು ವರ್ಷದಲ್ಲಿ ಇಳಿಯುವುದು ಶೇ 5ರಷ್ಟೇ. ಅಮೆರಿಕದ ವಾಯುಪಡೆಯ ದಾಖಲೆಗಳನ್ನು ಆಧರಿಸಿದ 2021ರ ಅಧ್ಯಯನದಲ್ಲಿ, ಗಂಡಿನಿಂದ ಹೆಣ್ಣಾಗಿ ಬದಲಾದವರು ಎರಡು ವರ್ಷ ಚಿಕಿತ್ಸೆ ಪಡೆದ ಮೇಲೆ ದಂಡ ಹೊಡೆಯುವುದರಲ್ಲಿ ಇದ್ದ ಮೇಲುಗೈ ಕಳೆದುಕೊಂಡರು, ಒಂದೂವರೆ ಮೈಲಿ ಓಟದಲ್ಲಿ ಮಾತ್ರ ಶೇ 12ರಷ್ಟು ಮುಂದೆಯೇ ಉಳಿದರು.

ನಾರ್ವೆಯ ವಿಜ್ಞಾನಿಗಳು ಇಲಿಗಳಲ್ಲಿ ಕಂಡದ್ದು ಇನ್ನೂ ಕುತೂಹಲದ್ದು. ಎರಡು ವಾರ ಟೆಸ್ಟೊಸ್ಟೆರಾನ್ ಕೊಟ್ಟು ನಿಲ್ಲಿಸಿದರು. ಮೂರು ವಾರದಲ್ಲಿ ಸ್ನಾಯು ಹಳೆಯ ಗಾತ್ರಕ್ಕೆ ಕುಗ್ಗಿತು. ಆದರೆ ಸೇರಿಕೊಂಡಿದ್ದ ಹೊಸ ಕೇಂದ್ರಗಳು ಹೊರಗೆ ಹೋಗಲಿಲ್ಲ. ಮೂರು ತಿಂಗಳ ನಂತರ ಆ ಸ್ನಾಯುವಿಗೆ ಭಾರ ಹೊರಿಸಿದಾಗ ಆರೇ ದಿನದಲ್ಲಿ ಶೇ 31ರಷ್ಟು ಉಬ್ಬಿತು. ಹಾರ್ಮೋನು ಕಾಣದ ಇಲಿಗಳದ್ದು ಅಷ್ಟೇ ದಿನದಲ್ಲಿ ಅಲ್ಪಸ್ವಲ್ಪ. ಹೊಲ ಪಾಳು ಬಿದ್ದಿತ್ತು, ಆಳುಗಳು ಗುಡಿಸಲಲ್ಲೇ ಉಳಿದಿದ್ದರು. ಇಲಿಯ ಮೂರು ತಿಂಗಳು ಮನುಷ್ಯನ ಎಷ್ಟು ವರ್ಷಕ್ಕೆ ಸಮ ಎಂಬುದರ ಮೇಲೆ ವಾದವಿದೆ. ಉದ್ದೀಪನ ಮದ್ದು ತಿಂದವರಿಗೆ ಎರಡೋ ನಾಲ್ಕೋ ವರ್ಷ ನಿಷೇಧ ಹಾಕಿದರೆ ಸಾಕೇ ಎಂಬ ಪ್ರಶ್ನೆಯೂ ಇದರ ಬೆನ್ನಿಗೇ ಏಳುತ್ತದೆ.

ಕರ್ನಾಟಕಕ್ಕೆ ಈ ಪ್ರಶ್ನೆ ದೂರದ್ದಲ್ಲ. 2010ರ ಗುವಾಂಗ್ಝೌ ಏಷ್ಯನ್ ಕೂಟದಲ್ಲಿ ಎರಡು ಚಿನ್ನ ತಂದ ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿ ಅವರ ಉದ್ದೀಪನ ಮದ್ದು ಪರೀಕ್ಷೆಯ ಮಾದರಿಯಲ್ಲಿ 2011ರಲ್ಲಿ ಮೆಥಾಂಡಿಯೆನೋನ್ ಸಿಕ್ಕಿತು. ಅದು ಟೆಸ್ಟೊಸ್ಟೆರಾನನ್ನು ತುಸು ತಿರುಚಿ ಮಾಡಿದ ಕೃತಕ ರೂಪ, ಕೂರುವುದು ಅದೇ ರಿಸೆಪ್ಟರ್ ಮೇಲೆ. ವಿದೇಶಿ ತರಬೇತುದಾರರು ಕೊಟ್ಟ ಜಿನ್‌ಸೆಂಗ್ ಪೂರಕದಲ್ಲಿ ಅದು ಬೆರೆತಿತ್ತು ಎಂಬುದು ಅಶ್ವಿನಿ ಮತ್ತು ಸಹ ಓಟಗಾರ್ತಿಯರ ವಾದವಾಗಿತ್ತು. 2012ರಲ್ಲಿ ಲೊಸಾನ್ ನ್ಯಾಯಾಲಯ ಅವರ ಮೇಲಿದ್ದ ನಿಷೇಧವನ್ನು ಎರಡು ವರ್ಷಕ್ಕೆ ಏರಿಸಿತು.

ಜಿಮ್ಮಿಗೆ ಹೋಗುವ ಹುಡುಗರಿಗೂ ಇಲ್ಲೊಂದು ಮಾತು ಹೇಳಲೇಬೇಕು, ವಿಷಯ ಸ್ವಲ್ಪ ಪಕ್ಕಕ್ಕೆ ಸರಿದರೂ ಚಿಂತೆಯಿಲ್ಲ. ಹೊರಗಿನಿಂದ ಹಾರ್ಮೋನು ಬಂದರೆ ಮೆದುಳು ‘ಬೇಕಾದಷ್ಟಿದೆ’ ಎಂದು ವೃಷಣಕ್ಕೆ ಸಂಕೇತ ಕಳಿಸುವುದನ್ನು ನಿಲ್ಲಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಇದನ್ನೇ ಗಂಡಸರ ಗರ್ಭನಿರೋಧಕವಾಗಿ ಪರೀಕ್ಷಿಸಿತ್ತು. 1990ರಲ್ಲಿ ಪ್ರಕಟವಾದ ಆ ಪರೀಕ್ಷೆಯಲ್ಲಿ ವಾರಕ್ಕೆ 200 ಮಿಲಿಗ್ರಾಂ ಚುಚ್ಚಿಸಿಕೊಂಡ 271 ಗಂಡಸರಲ್ಲಿ 157 ಜನರ ವೀರ್ಯದಲ್ಲಿ ಆರು ತಿಂಗಳೊಳಗೆ ಒಂದೂ ವೀರ್ಯಾಣು ಉಳಿಯಲಿಲ್ಲ. ಗಂಡಸುತನ ಹೆಚ್ಚಿಸುತ್ತದೆಂದು ಬಾಟಲಿಯ ಮೇಲೆ ಬರೆದಿರುತ್ತಾರೆ.

ಎರಡೂ ಕಡೆಯವರ ಮಾತು

ಪರೀಕ್ಷೆಯ ಪರ ಇರುವವರ ವಾದ ದುರ್ಬಲವಲ್ಲ. ಮಹಿಳಾ ವಿಭಾಗ ಹುಟ್ಟಿದ್ದೇ ಹರೆಯದ ಹಾರ್ಮೋನು ಕೊಡುವ ಲಾಭವನ್ನು ಹೊರಗಿಡಲು. ಆ ಬೇಲಿ ಸಡಿಲವಾದರೆ ಸೋಲುವವರೂ ಹೆಣ್ಣುಮಕ್ಕಳೇ, ಅವರ ಹೆಸರು ಮಾತ್ರ ಸುದ್ದಿಯಾಗುವುದಿಲ್ಲ. ಹಾರ್ಮೋನಿನ ಮಟ್ಟ ಬೆಳಿಗ್ಗೆ ಒಂದು, ಸಂಜೆ ಒಂದು. ಮಾತ್ರೆ ನುಂಗಿದರೆ ಇನ್ನೊಂದು. ಜೀನ್ ಬದಲಾಗುವುದಿಲ್ಲ. ಆರೋಗ್ಯವಂತ ಹೆಣ್ಣುಮಗಳಿಗೆ ಓಡುವುದಕ್ಕಾಗಿ ಮದ್ದು ನುಂಗು ಎನ್ನುವ ಅಮಾನುಷತೆಯೂ ತಪ್ಪುತ್ತದೆ.

ವಿರೋಧಿಸುವವರಲ್ಲಿ ಆ ಜೀನ್ ಪತ್ತೆಹಚ್ಚಿದ ತಂಡದ ಆಂಡ್ರ್ಯೂ ಸಿಂಕ್ಲೇರ್ ಅವರೇ ಇದ್ದಾರೆ. ಜೀನ್ ಇದೆಯೋ ಇಲ್ಲವೋ ಎಂಬುದಷ್ಟೇ ಅದರಿಂದ ತಿಳಿಯುತ್ತದೆ, ಅದು ಹೇಗೆ ಕೆಲಸ ಮಾಡುತ್ತಿದೆ ಎಂದಲ್ಲ ಎನ್ನುವುದು ಅವರ ತಕರಾರು. ಪ್ರಯೋಗಾಲಯದಲ್ಲಿ ಮಾದರಿ ಹಿಡಿದ ಗಂಡಸಿನ ಚರ್ಮದ ಒಂದು ಕಣ ಬಿದ್ದರೂ ಫಲಿತಾಂಶ ತಪ್ಪಾಗಿ ಬರಬಹುದು ಎಂದೂ ಎಚ್ಚರಿಸಿದ್ದಾರೆ. ಫ್ರಾನ್ಸ್‌ನಲ್ಲಿ ಇಂಥ ಜೀನ್ ಪರೀಕ್ಷೆಗೆ ಕಾನೂನೇ ಅಡ್ಡ ಬಂತು.

ಎರಡೂ ಕಡೆಯ ವಾದ ತೂಗಿ ನೋಡಿದರೆ, ಗಂಡು ಹೆಣ್ಣಿನ ನಡುವಿನ ದೊಡ್ಡ ಅಂತರದ ವಿಷಯದಲ್ಲಿ ವಿಜ್ಞಾನ ಗಟ್ಟಿ, ಗೆರೆಯ ಮೇಲೆ ನಿಂತ ಒಬ್ಬೊಬ್ಬ ವ್ಯಕ್ತಿಯ ವಿಷಯದಲ್ಲಿ ಜೊಳ್ಳು. ಜೀನ್ ಪರೀಕ್ಷೆಯನ್ನು ಮೊದಲ ಜರಡಿಯಾಗಿ ಬಳಸಿದರೆ ಒಪ್ಪಬಹುದು. ಅದನ್ನೇ ಕೊನೆಯ ತೀರ್ಪು ಮಾಡಿದರೆ ಪಟೀನೊ ಕತೆ ಮರುಕಳಿಸುತ್ತದೆ. ಜರಡಿಯಲ್ಲಿ ಸಿಕ್ಕವರ ರಿಸೆಪ್ಟರ್ ಹೇಗಿದೆ, ಹರೆಯದಲ್ಲಿ ಏನಾಯಿತು ಎಂದು ತಜ್ಞ ವೈದ್ಯರು ಗುಟ್ಟಾಗಿ, ನಿಧಾನವಾಗಿ ನೋಡಬೇಕು. ನಿಯಮದಲ್ಲಿ ಅದಕ್ಕೆ ಅವಕಾಶವಿದೆ. ಆಚರಣೆ ಹೇಗಿರುತ್ತದೆ ಎಂಬುದು ಆಯಾ ದೇಶದ ಒಕ್ಕೂಟದ ಕೈಯಲ್ಲಿದೆ, ಏಕೆಂದರೆ ಪರೀಕ್ಷೆ ಮಾಡಿಸುವ ಹೊಣೆ ಅವುಗಳದ್ದು.

ಭಾರತದಲ್ಲಿ ಏನಾಗಬಹುದು

2006ರ ದೋಹಾ ಏಷ್ಯನ್ ಕೂಟದ 800 ಮೀಟರ್‌ನಲ್ಲಿ ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯ ಶಾಂತಿ ಸೌಂದರರಾಜನ್ ಬೆಳ್ಳಿ ಗೆದ್ದರು. ಪರೀಕ್ಷೆಯಲ್ಲಿ ಸೋತರೆಂದು ಪದಕ ಹೋಯಿತು, ವಿಷಯ ಟಿ.ವಿ. ಚಾನೆಲ್‌ಗಳಲ್ಲಿ ಬಿತ್ತರವಾಯಿತು. 2012ರ ಹೊತ್ತಿಗೆ ಅವರು ಇಟ್ಟಿಗೆ ಗೂಡಿನಲ್ಲಿ ದಿನಗೂಲಿ ಮಾಡುತ್ತಿದ್ದರು. ದ್ಯುತಿ ಚಂದ್‌ಗೆ ವಕೀಲರು, ಸಂಶೋಧಕರು, ಸರ್ಕಾರ ಬೆನ್ನಿಗೆ ನಿಂತರು. ಶಾಂತಿ ಪಾಲಿಗೆ ಆ ದಿನ ಯಾರೂ ಇರಲಿಲ್ಲ.

ಈಗಿನ ಪರೀಕ್ಷೆ ಎಲ್ಲರಿಗೂ ಸಮಾನ, ಅನುಮಾನ ಬಂದವರನ್ನು ಹೆಕ್ಕಿ ಅವಮಾನಿಸುವುದಿಲ್ಲ ಎಂಬುದು ಒಂದು ಸಮಾಧಾನ. ಇನ್ನೊಂದು ಬದಿಯಲ್ಲಿ, ಹಳ್ಳಿಯಿಂದ ಕ್ರೀಡಾ ಹಾಸ್ಟೆಲ್‌ಗೆ ಬಂದ ಹದಿನಾರು ಹದಿನೇಳರ ಹುಡುಗಿಗೆ ತನ್ನ ದೇಹದ ಬಗ್ಗೆ ಯಾವ ವೈದ್ಯರೂ ಹೇಳದಿದ್ದ ಸಂಗತಿ ಮೊದಲ ಸಲ ತಿಳಿಯುವುದು ಈ ಹತ್ತಿಯ ಕಡ್ಡಿಯಿಂದ. ಮುಟ್ಟಾಗದಿರುವುದನ್ನು ತರಬೇತಿಯ ಶ್ರಮಕ್ಕೆ ಕಟ್ಟಿ ಸುಮ್ಮನಿದ್ದ ಮನೆಯವರಿಗೂ ಅದೇ ದಿನ ತಿಳಿಯುತ್ತದೆ. ಫಲಿತಾಂಶದ ಲಕೋಟೆ ಮೊದಲು ಯಾರ ಮೇಜಿಗೆ ಹೋಗುತ್ತದೆ, ಅದನ್ನು ಬಿಚ್ಚುವಾಗ ಕೋಣೆಯಲ್ಲಿ ಯಾರು ಯಾರಿರುತ್ತಾರೆ, ಅವಳಿಗೆ ಅವಳ ಭಾಷೆಯಲ್ಲಿ ಬಿಡಿಸಿ ಹೇಳುವ ವೈದ್ಯೆ ಒಬ್ಬರಾದರೂ ಅಲ್ಲಿರುತ್ತಾರೆಯೇ ಎಂಬುದನ್ನು ಮೊದಲೇ ತೀರ್ಮಾನಿಸಿ ಬರೆದಿಡಬೇಕಾದವರು ನಮ್ಮ ಒಕ್ಕೂಟಗಳು.